ಹಿಟ್ಟಿನ ಮಿಲ್ ಇದ್ದ ಜಾಗ: ಮಲ್ಲೇಶ್ವರದ ಬಾಡಿಗೆ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ಕೇಳ್ತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ನೀವು ಕರ್ನಾಟಕದ ಯಾವ ಮೂಲೆಯವರಾದ್ರೂ ಇವತ್ತಿನ ಏರಿಯಾ ನಿಮಗೆ ಗೊತ್ತಿರುತ್ತೆ. ಎಸ್‌ಎಸ್‌ಎಲ್‌ಸಿ ಬೋರ್ಡ್ ಆಫೀಸ್ ಎಲ್ಲಿದೆ? ಮಲ್ಲೇಶ್ವರ 6ನೇ ಕ್ರಾಸ್. ಸಿಇಟಿ ನಡೆಸೋ ಪರೀಕ್ಷಾ ಪ್ರಾಧಿಕಾರ? ಮಲ್ಲೇಶ್ವರ 18ನೇ ಕ್ರಾಸ್. ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿದೆ ಅಂತ ಊರಿಂದ ರಾತ್ರಿ ಬಸ್ ಹತ್ತಿ ಬಂದು, ಬೆಳಗ್ಗೆ ಇಲ್ಲಿ ಇಡ್ಲಿ ತಿಂದು, ಜೆರಾಕ್ಸ್ ಅಂಗಡಿ ಮುಂದೆ ನಿಂತವರು ನಿಮ್ಮಲ್ಲೂ ಇರ್ತೀರ. ಬೆಂಗಳೂರು 560003. ಅದೇ ಮಲ್ಲೇಶ್ವರ.

ಇವತ್ತು ಈ ಏರಿಯಾದ ಇತಿಹಾಸವನ್ನ ದೇವಸ್ಥಾನ, ದೋಸೆ, ಹಳೇ ಮರ ಅಂತ ಹೇಳೋದಿಲ್ಲ. ಅವೂ ಬರುತ್ತವೆ, ಬಿಡಿ. ಆದ್ರೆ ನಾನು ಬಿ.ಕಾಂ ಓದಿದವನು. ನನಗೆ ಒಂದು ಬೀದಿ ಅರ್ಥ ಆಗಬೇಕಾದ್ರೆ ಮೊದಲು ಕೇಳೋ ಪ್ರಶ್ನೆ, ಬಾಡಿಗೆ ಎಷ್ಟು? ಇನ್ನೊಂದು ಕಾರಣವೂ ಇದೆ. ಈ ಕತೆಯಲ್ಲಿ ನನ್ನದೂ ಒಂದು ಪಾತ್ರ ಇದೆ. ಒಳ್ಳೇ ಪಾತ್ರ ಅಲ್ಲ. ಅದನ್ನ ಆಮೇಲೆ ಹೇಳ್ತೀನಿ.

ಕಾಡು, ಹಳ್ಳಿ, ಪ್ಲೇಗು

ಕಾಡು ಮಲ್ಲೇಶ್ವರ ದೇವಸ್ಥಾನದ ಹೆಸರಲ್ಲೇ ಕಾಡಿದೆ. ಶಿವಾಜಿಯ ಮಲತಮ್ಮ ವೆಂಕೋಜಿ, ಏಕೋಜಿ ಅಂತಲೂ ಕರೀತಾರೆ, ಬೆಂಗಳೂರನ್ನ ಆಳ್ತಿದ್ದ ಕಾಲದ 1669ರ ಶಾಸನ ಒಂದಿದೆ. ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಅನ್ನೋ ಹಳ್ಳಿಯನ್ನ ದತ್ತಿ ಬಿಟ್ಟ ವಿಷಯ ಅದರಲ್ಲಿದೆ. ಅಂದ್ರೆ ಆಗ ಇದು ಪೇಟೆಯ ಹೊರಗಿನ ಹಳ್ಳಿ. ಸುತ್ತ ಹೊಲ, ತೋಪು.

ಇದು ಬಡಾವಣೆ ಆದದ್ದು 1890ರ ದಶಕದಲ್ಲಿ. ಕಿಕ್ಕಿರಿದ ಹಳೇ ಪೇಟೆಯ ಆಚೆ ಮೈಸೂರು ಸರ್ಕಾರ ಎರಡು ಹೊಸ ಬಡಾವಣೆ ಮಾಡಿತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂತು, ರೈಲಿನಲ್ಲಿ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಇರೋ ಹೊಸ ಬಡಾವಣೆಗೆ ಬೇಡಿಕೆ ಬಂತು. ನೇರವಾದ ರಸ್ತೆ, ಸಾಲಾಗಿ ಕ್ರಾಸ್‌ಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ.

ಈ ಕನ್ಸರ್ವೆನ್ಸಿ ಗಲ್ಲಿ ಏನು ಗೊತ್ತಾ? ಇವತ್ತು ಇನ್‌ಸ್ಟಾಗ್ರಾಂನಲ್ಲಿ ಅಲ್ಲಿ ನಿಂತು ಫೋಟೋ ತೆಗೆಸ್ಕೊಳ್ತಾರೆ. ಆದ್ರೆ ಅದನ್ನ ಮಾಡಿದ್ದು ಮಲ ಹೊರೋರು ಮನೆಯ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ. ಮುಂಬಾಗಿಲಲ್ಲಿ ಅವರು ಕಾಣಿಸಬಾರದಿತ್ತು. ಬಡಾವಣೆಯ ಬ್ಲಾಕ್‌ಗಳನ್ನೂ ಜಾತಿ, ಧರ್ಮ ನೋಡಿ ಹಂಚಿದ್ದರು. ಹಾಗಾಗಿ "ಹಳೇ ಮಲ್ಲೇಶ್ವರ ಎಷ್ಟು ಚೆನ್ನಾಗಿತ್ತು" ಅಂತ ಯಾರಾದ್ರೂ ನಿಟ್ಟುಸಿರು ಬಿಟ್ಟಾಗ ನಾನು ಕೇಳ್ತೀನಿ, ಯಾವ ಬಾಗಿಲಿಂದ ನೋಡಿದ್ರೆ?

ರೈಲ್ವೆ ಹಳಿಯ ಆಚೆ

ನಾನು ನೋಡಿದ್ದು ಹಳಿಯ ಆ ಕಡೆಯಿಂದ. ನಮ್ಮ ಮನೆ ಶ್ರೀರಾಂಪುರದಲ್ಲಿ. ನಮ್ಮ ತಾತ ರಾಜಾ ಮಿಲ್‌ನಲ್ಲಿ ಕೆಲಸ ಮಾಡ್ತಿದ್ದರು.

ಮಲ್ಲೇಶ್ವರದ ಕತೆಯಲ್ಲಿ ಜನ ಮರೆತುಬಿಡೋ ಪಾತ್ರ ಈ ಮಿಲ್. 1880ರ ದಶಕದಲ್ಲೇ ಬೆಂಗಳೂರಲ್ಲಿ ಬಟ್ಟೆ ಮಿಲ್‌ಗಳು ಶುರುವಾದವು. ಬಿನ್ನಿ ಮಿಲ್ ಹೆಸರು ಕೇಳಿರ್ತೀರ. ಕಾಲೇಜಲ್ಲಿ ಸಂವಿಧಾನದ ಪಾಠದಲ್ಲಿ ಬರೋ 1980ರ ಮಿನರ್ವ ಮಿಲ್ ಕೇಸ್, ಆ ಮಿಲ್ಲೂ ನಮ್ಮ ಬೆಂಗಳೂರಿನದ್ದೇ. ಮಲ್ಲೇಶ್ವರದ ದಕ್ಷಿಣದ ತುದಿಯಲ್ಲಿ ಇದ್ದದ್ದು ಜನ ರಾಜಾ ಮಿಲ್ ಅಂತ ಕರೀತಿದ್ದ ಮೈಸೂರು ಸ್ಪಿನ್ನಿಂಗ್ ಮಿಲ್. ಅದರ ಸೈರನ್ ಕೇಳಿ ಶ್ರೀರಾಂಪುರದ ಮನೆಗಳಲ್ಲಿ ಒಲೆ ಹಚ್ತಿದ್ದರು ಅಂತ ಅಜ್ಜಿ ಹೇಳ್ತಿದ್ದಳು.

ಈಗ ಮಲ್ಲೇಶ್ವರದ ಹೆಸರಾಂತ ನಿವಾಸಿಗಳ ಪಟ್ಟಿ ಮಾಡಿದ್ರೆ ಸಿ.ವಿ. ರಾಮನ್ ಬರ್ತಾರೆ, ಇಲ್ಲಿನ ಕೆನರಾ ಯೂನಿಯನ್‌ನಲ್ಲಿ ಬ್ಯಾಡ್ಮಿಂಟನ್ ಕಲಿತ ಪ್ರಕಾಶ್ ಪಡುಕೋಣೆ ಬರ್ತಾರೆ. ಬರಲಿ, ಬರಬೇಕಾದವರೇ. ಆದ್ರೆ ಸಂಪಿಗೆ ರಸ್ತೆಯ ಅಂಗಡಿಗಳು ನಡೆದದ್ದು ಯಾರ ದುಡ್ಡಲ್ಲಿ? ಗುಮಾಸ್ತರು, ಮೇಷ್ಟ್ರುಗಳು, ಟಾಟಾ ಇನ್‌ಸ್ಟಿಟ್ಯೂಟ್‌ನ ನೌಕರರು, ಯಶವಂತಪುರದ ಸೋಪ್ ಫ್ಯಾಕ್ಟರಿಯವರು, ಮೈಸೂರು ಲ್ಯಾಂಪ್ಸ್‌ನವರು, ಮಿಲ್ ಕಾರ್ಮಿಕರು. ಇವರೆಲ್ಲರಿಗೂ ಸಾಮಾನ್ಯವಾದ ಒಂದು ವಿಷಯ ಏನಪ್ಪಾ ಅಂದ್ರೆ, ತಿಂಗಳಿಗೊಮ್ಮೆ ಸಂಬಳ.

ಅದರ ಮೇಲೇ ಇಡೀ ವ್ಯಾಪಾರದ ರೀತಿ ನಿಂತಿತ್ತು. ಹಾಲು, ಹೂವು ವರ್ತನೆ. ದಿನಸಿ ಅಂಗಡಿಯಲ್ಲಿ ತಿಂಗಳ ಲೆಕ್ಕ. ಅಂಗಡಿಯವರ ಹತ್ತಿರ ಒಂದು ಉದ್ದನೆಯ ಪುಸ್ತಕ, ನಿಮ್ಮ ಮನೆಯಲ್ಲಿ ಅದರದ್ದೇ ಒಂದು ಮರಿ ಪುಸ್ತಕ. ಸಂಬಳ ಬಂದ ದಿನ ಎರಡನ್ನೂ ಎದುರು ಬದುರು ಇಟ್ಟು ಟ್ಯಾಲಿ ಮಾಡೋದು. ಇವತ್ತು ಆ್ಯಪ್‌ಗಳು "ಈಗ ಕೊಳ್ಳಿ, ಆಮೇಲೆ ಕೊಡಿ" ಅಂತಾವಲ್ಲ, ಅದನ್ನ ಇವರು ಬಡ್ಡಿ ಇಲ್ಲದೆ ಮಾಡ್ತಿದ್ದರು. ಬಡ್ಡಿ ಬದಲು ಅವರಿಗೆ ಸಿಗ್ತಿದ್ದದ್ದು ನೀವು ಬೇರೆ ಅಂಗಡಿಗೆ ಹೋಗೋದಿಲ್ಲ ಅನ್ನೋ ಖಾತ್ರಿ. ಕಾಮರ್ಸ್ ಪುಸ್ತಕದಲ್ಲಿ ಅದನ್ನ ಗುಡ್‌ವಿಲ್ ಅಂತಾರೆ.

ಆದ್ರೆ ಅಜ್ಜಿಗೆ ಆ ಪುಸ್ತಕ ಎಲ್ಲ ಅಂಗಡಿಯಲ್ಲೂ ಇರಲಿಲ್ಲ. ಸ್ವಂತ ಮನೆ ಇದ್ದವರಿಗೆ, ಗೌರ್ನಮೆಂಟ್ ಕೆಲಸದವರಿಗೆ ಸುಲಭವಾಗಿ ಸಿಗ್ತಿತ್ತು. ಶ್ರೀರಾಂಪುರದ ಬಾಡಿಗೆ ಮನೆಯವರಿಗೆ "ಕ್ಯಾಶ್ ಕೊಟ್ಟು ತಗೊಳಮ್ಮ."

ಅಜ್ಜಿಗೆ ಸಾಲ ಕೊಡ್ತಿದ್ದ ಒಂದೇ ಒಂದು ಮಲ್ಲೇಶ್ವರದ ಅಂಗಡಿ ಹಿಟ್ಟಿನ ಮಿಲ್ಲು.

ಇನ್ನೊಂದು ಮಿಲ್ಲು

ಕ್ರಾಸ್ ನಂಬರ್ ಹೇಳೋದಿಲ್ಲ, ಹೆಸರೂ ಹೇಳೋದಿಲ್ಲ. ನಾವು ಮಿಲ್ ಅಂಕಲ್ ಅಂತಿದ್ವಿ. ತುರುವೇಕೆರೆ ಕಡೆಯವರು. 1981ರಲ್ಲಿ ಒಂದು ಹಳೇ ಮನೆಯ ಮುಂಭಾಗದ ರೂಮನ್ನ ಬಾಡಿಗೆಗೆ ಹಿಡಿದು, ಎರಡು ಮಷಿನ್ ಹಾಕಿದ್ದರು. ಒಂದು ರಾಗಿ, ಅಕ್ಕಿ, ಗೋಧಿಗೆ. ಇನ್ನೊಂದು ಖಾರದ ಪುಡಿ, ಹುಳಿಪುಡಿಗೆ. ಖಾರದ ಮಷಿನ್ ಓಡೋ ದಿನ ಅರ್ಧ ಕ್ರಾಸ್ ಸೀನ್ತಿತ್ತು.

ಬಾಗಿಲಿಂದ ಒಳಗೆ ಡಬ್ಬಗಳ ಸಾಲು. ಸ್ಟೀಲ್ ಡಬ್ಬ, ಡಾಲ್ಡಾ ಡಬ್ಬ, ಬಟ್ಟೆ ಚೀಲ. ನಾವು ಸಾಲಲ್ಲಿ ನಿಲ್ತಿರಲಿಲ್ಲ, ನಮ್ಮ ಪರವಾಗಿ ಡಬ್ಬ ನಿಲ್ತಿತ್ತು. ಅಜ್ಜಿ ಡಬ್ಬ ಇಟ್ಟು ಕಾಡು ಮಲ್ಲೇಶ್ವರನಿಗೆ ಕೈ ಮುಗಿದು, 8ನೇ ಕ್ರಾಸಲ್ಲಿ ಸೊಪ್ಪು ಕೊಂಡು ವಾಪಸ್ ಬರೋ ಹೊತ್ತಿಗೆ ರಾಗಿ ಹಿಟ್ಟಾಗಿರ್ತಿತ್ತು. ಗೋಧಿಯವರು ಯಾವಾಗಲೂ ಕೇಳ್ತಿದ್ದರು, "ರಾಗಿ ಆದಮೇಲೆ ನಂದು ಹಾಕ್ಬೇಡಪ್ಪ, ಚಪಾತಿ ಕಪ್ಪಾಗುತ್ತೆ." ಅಜ್ಜಿ ಅದಕ್ಕೆ, "ಗೋಧಿ ಆದಮೇಲೆ ನಂದು ಹಾಕು, ನಮ್ಮ ಮುದ್ದೆ ಬೆಳ್ಳಗಾಗ್ಲಿ" ಅಂತಿದ್ದಳು. ಬಿಸಿ ಹಿಟ್ಟಿನ ಡಬ್ಬವನ್ನ ತೊಡೆ ಮೇಲೆ ಇಟ್ಕೊಂಡು ಆಟೋದಲ್ಲಿ ಬಂದದ್ದು ನನಗೆ ಇನ್ನೂ ನೆನಪಿದೆ.

1981ರಲ್ಲಿ ಆ ರೂಮಿನ ಬಾಡಿಗೆ 250 ರೂಪಾಯಿ. 2001ರಲ್ಲಿ 1,800. 2019ರಲ್ಲಿ 9,000. ಈ ಮೂರು ಅಂಕಿಗಳನ್ನ ನೆನಪಿಟ್ಕೊಳ್ಳಿ, ಇಲ್ಲಿಂದಲೇ ಅಸಲಿ ಇತಿಹಾಸ ಶುರು.

ಕಾನೂನು ಬದಲಾದದ್ದು ಯಾರಿಗೂ ಕಾಣಲಿಲ್ಲ

ಬೆಂಗಳೂರಲ್ಲಿ ಹಳೇ ಅಂಗಡಿಗಳು ಅಷ್ಟು ವರ್ಷ ಒಂದೇ ಜಾಗದಲ್ಲಿ ಹೇಗೆ ಉಳಿದವು? ಎಲ್ಲರೂ ಹೇಳೋದು ರುಚಿ, ಸಂಪ್ರದಾಯ, ಗ್ರಾಹಕರ ಪ್ರೀತಿ. ಅದೆಲ್ಲ ನಿಜ. ಆದ್ರೆ ಅದರ ಕೆಳಗೆ ಒಂದು ಕಾನೂನು ಇತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಓನರ್ ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸೋ ಹಾಗಿಲ್ಲ, ಕಾನೂನಲ್ಲಿ ಹೇಳಿದ ಕಾರಣ ಇಲ್ಲದೆ ಖಾಲಿ ಮಾಡಿಸೋ ಹಾಗಿಲ್ಲ. ಖಾಲಿ ಮಾಡಿಸಬೇಕಂದ್ರೆ ಕೋರ್ಟು. ಕೋರ್ಟು ಅಂದ್ರೆ ವರ್ಷಗಟ್ಟಲೆ.

ಇದರಿಂದ ಬಾಡಿಗೆದಾರರಿಗೆ ನೆಮ್ಮದಿ. ಓನರ್‌ಗೆ? ಕೆಲವು ಮನೆಗಳಲ್ಲಿ ಅಂಗಡಿಯ ಬಾಡಿಗೆಗಿಂತ ಮನೆಯ ರಿಪೇರಿ ಖರ್ಚೇ ಜಾಸ್ತಿ. ಸುಣ್ಣ ಹೊಡೆಸೋದನ್ನೇ ಬಿಟ್ಟುಬಿಟ್ಟರು. ಹಂಚಿನ ಮನೆ ಸೋರ್ತಾ ಸೋರ್ತಾ "ಹೆರಿಟೇಜ್" ಆಯ್ತು. ನಾವು ಇವತ್ತು ಚೆಂದ ಅಂತ ನೋಡೋ ಎಷ್ಟೋ ಮನೆಗಳು ಉಳಿದದ್ದಕ್ಕೆ, ಒಡೆದು ಕಟ್ಟೋಕೆ ಆಗದೇ ಇದ್ದದ್ದೂ ಒಂದು ಕಾರಣ.

ಆಮೇಲೆ ಕರ್ನಾಟಕ ಬಾಡಿಗೆ ಕಾಯ್ದೆ, 1999. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಹೊಸ ವರ್ಷದ ಹಿಂದಿನ ರಾತ್ರಿ ನೋಡಿ! ಈ ಕಾಯ್ದೆ ಒಂದು ಗೆರೆ ಎಳೆಯಿತು. ಬೆಂಗಳೂರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ್ರೆ ಈ ಕಾಯ್ದೆಯ ರಕ್ಷಣೆ ಇಲ್ಲ. ವ್ಯಾಪಾರದ ಜಾಗ ಆದ್ರೆ 14 ಚದರ ಮೀಟರ್‌ವರೆಗೆ ಮಾತ್ರ ರಕ್ಷಣೆ. 14 ಚದರ ಮೀಟರ್ ಅಂದ್ರೆ ಸುಮಾರು 150 ಚದರ ಅಡಿ. ಒಂದು ಸಣ್ಣ ಬೆಡ್‌ರೂಮಿನಷ್ಟು. ಅದಕ್ಕಿಂತ ದೊಡ್ಡ ಅಂಗಡಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರಲ್ಲಿ ಸಾಮಾನ್ಯ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್.

ಅಲ್ಲಿಂದ ಎಲ್ಲೆಲ್ಲೂ 11 ತಿಂಗಳ ಅಗ್ರಿಮೆಂಟ್. ಪಿಜಿಯಲ್ಲಿ, ಬಾಡಿಗೆ ಮನೆಯಲ್ಲಿ ಇರೋರು ನೀವೂ ಸೈನ್ ಮಾಡಿರ್ತೀರ. ಯಾಕೆ 12 ಅಲ್ಲ, 11? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಆ ಬಂಧನ ಎರಡೂ ಬೇಡ ಅಂತ ಒಂದು ತಿಂಗಳು ಕಡಿಮೆ. 20 ವರ್ಷ ನಡೆದ ಅಂಗಡಿಯೂ ಕಾಗದದ ಮೇಲೆ 11 ತಿಂಗಳ ಹಸುಗೂಸು.

ಸರಿ, ಕಾನೂನು ಬದಲಾದ ಮಾರನೇ ದಿನವೇ ಎಲ್ಲ ಅಂಗಡಿ ಖಾಲಿ ಆಯ್ತಾ? ಇಲ್ಲ. ಬಾಡಿಗೆ ಏರಿಸೋಕೆ ಹೊಸಬರು ಕ್ಯೂ ನಿಲ್ಲಬೇಕಲ್ಲ. ಆ ಕ್ಯೂ ಬಂದದ್ದು ಇನ್ನೊಂದು ಕಡೆಯಿಂದ.

ಸೈರನ್ ಇದ್ದ ಜಾಗದಲ್ಲಿ ಎಸ್ಕಲೇಟರ್

ತಾತನ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. ಆಗ ಅದು ದೇಶದ ದೊಡ್ಡ ಮಾಲ್‌ಗಳಲ್ಲಿ ಒಂದು. ಇನ್ನೊಂದು ತುದಿಯಲ್ಲಿ, ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ ಎದ್ದಿತು. 2012ರಲ್ಲಿ ಅಲ್ಲಿ ಒರಾಯನ್ ಮಾಲ್. ಎರಡು ಕಾರ್ಖಾನೆ, ಎರಡು ಮಾಲ್, ಮಧ್ಯದಲ್ಲಿ ಮಲ್ಲೇಶ್ವರ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ ಮೆಟ್ರೋ ಶುರು. 2017ರ ಜೂನ್‌ನಲ್ಲಿ ಅದು ಮೆಜೆಸ್ಟಿಕ್ ದಾಟಿ ದಕ್ಷಿಣದ ಯಲಚೇನಹಳ್ಳಿವರೆಗೆ ಸೇರಿಕೊಂಡಿತು. ಜಯನಗರದ ಹುಡುಗ ಹುಡುಗಿಯರು ಬೆಣ್ಣೆ ಮಸಾಲೆ ತಿನ್ನೋಕೆ ಭಾನುವಾರ ಟ್ರೈನ್ ಹತ್ತಿ ಮಲ್ಲೇಶ್ವರಕ್ಕೆ ಬರೋದು ಸುಲಭ ಆಯ್ತು.

ತಾತ ಮಾಲ್ ಒಳಗೆ ಒಂದೇ ಸಲ ಬಂದದ್ದು. ನಾನು ಹೈಸ್ಕೂಲಲ್ಲಿದ್ದೆ. ಎಸಿ, ಲೈಟು, ಅಂಗಡಿ ಯಾವುದನ್ನೂ ನೋಡಲಿಲ್ಲ. "ಗೇಟು ಈ ಕಡೆ ಇತ್ತಲ್ವಾ?" ಅಂತ ದಿಕ್ಕು ಹುಡುಕ್ತಾ ಇದ್ದರು. ಒಂದು ಬಟ್ಟೆ ಅಂಗಡಿಯಲ್ಲಿ ಅಂಗಿಯ ತೋಳನ್ನ ಹೆಬ್ಬೆರಳು ತೋರುಬೆರಳಲ್ಲಿ ಉಜ್ಜಿ ನೋಡಿ, ಬೆಲೆ ನೋಡಿ, ನಗಾಡಿಬಿಟ್ಟರು.

ಈ ಬದಲಾವಣೆಗೆ ಇಂಗ್ಲಿಷಲ್ಲಿ ಒಂದು ಪದ ಇದೆ, ಜೆಂಟ್ರಿಫಿಕೇಷನ್. 1964ರಲ್ಲಿ ರೂತ್ ಗ್ಲಾಸ್ ಅನ್ನೋ ಸಮಾಜಶಾಸ್ತ್ರಜ್ಞೆ ಲಂಡನ್ ಬಗ್ಗೆ ಬರೀತಾ ಹುಟ್ಟಿಸಿದ ಪದ. ಕಾರ್ಮಿಕರ ಕೇರಿಗೆ ದುಡ್ಡಿರೋರು ಬಂದು ಸೇರ್ತಾರೆ, ಬೆಲೆ ಏರುತ್ತೆ, ಮೊದಲಿದ್ದವರು ಹೊರಗೆ ಹೋಗ್ತಾರೆ. ಆದ್ರೆ ಇದನ್ನ ಹಾಗೇ ಎತ್ತಿ ಮಲ್ಲೇಶ್ವರಕ್ಕೆ ಅಂಟಿಸೋಕಾಗಲ್ಲ. ಮಲ್ಲೇಶ್ವರ ಬಡವರ ಏರಿಯಾ ಆಗಿ ಶುರು ಆಗಿದ್ದೇ ಅಲ್ಲ. ಇಲ್ಲಿ ಸ್ವಂತ ಸೈಟ್ ಇದ್ದವರಲ್ಲಿ ಬಹಳ ಜನ ಲಾಭದಲ್ಲೇ ಇದ್ದಾರೆ. ಹಳೇ ಮನೆ, ನಾಲ್ಕು ಮಕ್ಕಳು, ಇಬ್ಬರು ವಿದೇಶದಲ್ಲಿ. ಭಾಗ ಮಾಡೋಕೆ ಬರದ ಮನೆಯನ್ನ ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟು ತಲಾ ಒಂದು ಫ್ಲಾಟ್ ತಗೊಳ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹೋಗೋರು ಯಾರಂದ್ರೆ ಸೈಟ್ ಇಲ್ಲದೆ ಇಲ್ಲಿ ದುಡಿದವರು. ಟೈಲರ್, ಸೈಕಲ್ ಶಾಪು, ಇಸ್ತ್ರಿ, ಸರ್ಕ್ಯುಲೇಟಿಂಗ್ ಲೈಬ್ರರಿ, ಹಿಟ್ಟಿನ ಮಿಲ್ಲು.

ಹಾಗಂತ ಹೆಸರುವಾಸಿ ಆದ್ರೆ ಉಳೀತಾರೆ ಅಂತಲೂ ಇಲ್ಲ. 1954ರಲ್ಲಿ ಶುರುವಾದ ನ್ಯೂ ಕೃಷ್ಣ ಭವನ, ಬಟನ್ ಇಡ್ಲಿಗೆ ಊರೆಲ್ಲ ಬರ್ತಿದ್ದ ಹೋಟೆಲ್, 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಕೊನೇ ದಿನಗಳಲ್ಲಿ ಜನ ಕ್ಯೂ ನಿಂತು ತಿಂದರು. ಇನ್ನೊಂದು ಕಡೆ ಸಿಟಿಆರ್ ನೋಡಿ. ಬೋರ್ಡಲ್ಲಿ ಶ್ರೀ ಸಾಗರ್ ಅಂತ ಇದ್ರೂ ಊರಿಗೆಲ್ಲ ಅದು ಸಿಟಿಆರ್ರೇ, ಮುಂದೆ ಯಾವಾಗಲೂ ಜನ. 1977ರಿಂದ ಇರೋ ವೀಣಾ ಸ್ಟೋರ್ಸ್‌ನಲ್ಲಿ ಕೂರೋಕೆ ಜಾಗವೇ ಇಲ್ಲ, ಫುಟ್‌ಪಾತ್‌ನಲ್ಲಿ ನಿಂತೇ ಇಡ್ಲಿ. ಹೆಸರಿದ್ದವರಲ್ಲೇ ಒಬ್ಬರು ಉಳೀತಾರೆ, ಒಬ್ಬರು ಹೋಗ್ತಾರೆ. ಯೂಟ್ಯೂಬಲ್ಲಿ ಯಾರೂ ರೀಲ್ ಮಾಡದ ಅಂಗಡಿಗಳ ಪಾಡು ಕೇಳಬೇಕಾ?

ನನ್ನ ಪಾತ್ರ

ಈಗ ನನ್ನ ವಿಷಯ.

2018ರಲ್ಲಿ ಬಿ.ಕಾಂ ಮುಗೀತು. ಒಂದು ಕಂಪನಿಯಲ್ಲಿ ಕೆಲಸ ಸಿಕ್ತು. ಹೆಸರು ಬೇಡ. ಹೊಸ ಅಂಗಡಿ ತೆರೆಯೋ ಬ್ರ್ಯಾಂಡ್‌ಗಳಿಗೆ ಜಾಗ ಹುಡುಕಿಕೊಡೋದು ಅವರ ವ್ಯಾಪಾರ. ನನ್ನ ಕೆಲಸ ರಸ್ತೆಯಲ್ಲಿ ನಿಂತು ಎಣಿಸೋದು. ಗಂಟೆಗೆ ಎಷ್ಟು ಜನ ನಡೆದು ಹೋಗ್ತಾರೆ, ಎಷ್ಟು ಜನ ಅಂಗಡಿ ಒಳಗೆ ಹೋಗ್ತಾರೆ, ಬೈಕ್ ನಿಲ್ಲಿಸೋಕೆ ಜಾಗ ಇದೆಯಾ, ಕಟ್ಟಡದ ಅಗಲ ಎಷ್ಟು, ಈಗಿನ ಬಾಡಿಗೆ ಎಷ್ಟು. ಎಲ್ಲ ಎಕ್ಸೆಲ್‌ನಲ್ಲಿ ತುಂಬೋದು.

"ಮಲ್ಲೇಶ್ವರ ನಿಂಗೆ ಗೊತ್ತಲ್ಲ, ನೀನೇ ಮಾಡು" ಅಂದರು. ಒಂದು ಕಾಫಿ ಬ್ರ್ಯಾಂಡ್‌ಗೆ ಕಾರ್ನರ್ ಜಾಗ ಬೇಕಿತ್ತು. ನಾನು ಆರು ಜಾಗಗಳ ಪಟ್ಟಿ ಮಾಡಿದೆ. ಅದರಲ್ಲಿ ಒಂದು ಮಿಲ್ ಅಂಕಲ್‌ದು.

ಯಾಕೆ ಸೇರಿಸಿದೆ? ಪಟ್ಟಿಯಲ್ಲಿ ಆರು ಇರಬೇಕಿತ್ತು, ಐದು ಸಿಕ್ಕಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹೇಳಿದ್ರೆ ಸುಳ್ಳಾಗುತ್ತೆ.

ಎರಡು ದಿನ ಎದುರುಗಡೆ ನಿಂತು ಎಣಿಸಿದೆ. ದಿನಕ್ಕೆ ಸರಾಸರಿ 41 ಜನ ಒಳಗೆ ಹೋದರು. ಟೇಪ್ ಹಿಡಿದು ಅಳೆದೆ. 312 ಚದರ ಅಡಿ. ಅಂಕಲ್ "ಏನೋ ಮರಿ, ಅಳೀತಿದ್ದೀಯ?" ಅಂತ ಕೇಳಿದ್ರು. "ಆಫೀಸ್ ಪ್ರಾಜೆಕ್ಟ್ ಅಂಕಲ್" ಅಂದೆ. ಟೇಪಿನ ಇನ್ನೊಂದು ತುದಿಯನ್ನ ಅವರೇ ಹಿಡ್ಕೊಂಡ್ರು.

ರಿಪೋರ್ಟಲ್ಲಿ ನಾನು ಬರೆದ ಲೆಕ್ಕ ಇದು. ನೀವೂ ಮಾಡಿ ನೋಡಿ. ಹೊಸ ಬಾಡಿಗೆ ತಿಂಗಳಿಗೆ 85,000 ಸಿಗಬಹುದು. ಮಿಲ್ಲಲ್ಲಿ ಕೆ.ಜಿ.ಗೆ 7 ರೂಪಾಯಿ. 85,000 ಭಾಗಿಸು 7. ತಿಂಗಳಿಗೆ 12,000 ಕೆ.ಜಿ.ಗಿಂತ ಜಾಸ್ತಿ, ದಿನಕ್ಕೆ 400 ಕೆ.ಜಿ. ಬೀಸಿದ್ರೆ ಬಾಡಿಗೆ ಮಾತ್ರ ಹುಟ್ಟುತ್ತೆ. ಕರೆಂಟು, ಕೂಲಿ, ಮನೆ ಖರ್ಚು ಬೇರೆ. ಕಾಫಿ ಅಂಗಡಿಯಲ್ಲಿ ಒಂದು ಕಪ್‌ಗೆ 220 ರೂಪಾಯಿ. 85,000 ಭಾಗಿಸು 220. ತಿಂಗಳಿಗೆ 387 ಕಪ್. ದಿನಕ್ಕೆ 13 ಕಪ್ ಮಾರಿದ್ರೆ ಬಾಡಿಗೆಯಷ್ಟು ದುಡ್ಡು ಗಲ್ಲಾಪೆಟ್ಟಿಗೆಗೆ ಬಂತು.

ದಿನಕ್ಕೆ 400 ಕೆ.ಜಿ. ಹಿಟ್ಟು, 13 ಕಪ್ ಕಾಫಿ. ಏರಿಯಾ ಬದಲಾಗೋದು ಹೀಗೆ. ಯಾರೂ ಬಂದು ಯಾರನ್ನೂ ಓಡಿಸೋದಿಲ್ಲ. ಭಾಗಾಕಾರ ಮಾಡ್ತಾರೆ, ಅಷ್ಟೇ.

ಓನರ್ ಒಬ್ಬರು ವಯಸ್ಸಾದ ಅಮ್ಮ. ಗಂಡ ತೀರಿಕೊಂಡಿದ್ದರು, ಮೊಣಕಾಲು ಆಪರೇಷನ್ ಆಗಬೇಕಿತ್ತು. 9,000 ಬರೋ ಕಡೆ 85,000 ಬರುತ್ತೆ ಅಂದ್ರೆ ಬೇಡ ಅನ್ನೋಕೆ ಅವರಿಗೆ ಯಾವ ಕಾರಣ ಇತ್ತು? ನಾನು ಅವರ ಜಾಗದಲ್ಲಿದ್ರೂ ಅದನ್ನೇ ಮಾಡ್ತಿದ್ದೆ. ಅವರು ಅಂಕಲ್‌ಗೆ ಮೂರು ತಿಂಗಳು ಟೈಮ್ ಕೊಟ್ಟರು, ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟರು. ಕಾನೂನು ಕೇಳಿದ್ದಕ್ಕಿಂತ ಜಾಸ್ತಿಯೇ. 38 ವರ್ಷದ ಮಿಲ್ಲು 2019ರ ದೀಪಾವಳಿ ಆದಮೇಲೆ ಖಾಲಿ ಆಯ್ತು.

ಕಾಫಿ ಅಂಗಡಿ ಶುರುವಾದ ಸ್ವಲ್ಪ ದಿನಕ್ಕೇ ಲಾಕ್‌ಡೌನ್. ಮುಚ್ಚಿ ಹೋಯ್ತು. ಆಮೇಲೆ ಐಸ್‌ಕ್ರೀಂ ಬಂತು, ಹೋಯ್ತು. ಆ ಅಮ್ಮನೂ ಈಗ ಇಲ್ಲ. ಮಕ್ಕಳು ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟಿದ್ದಾರೆ. ಸದ್ಯಕ್ಕೆ ಅಲ್ಲಿ ನೀಲಿ ಶೀಟಿನ ಬೇಲಿ ಇದೆ.

ತಪ್ಪು ಎಣಿಕೆ

ಈ ಎಪಿಸೋಡ್ ಮಾಡೋಕೆ ಮುಂಚೆ ಮಿಲ್ ಅಂಕಲ್‌ನ ಹುಡುಕಿಕೊಂಡು ಹೋದೆ. ದೂರ ಏನಲ್ಲ, ಶ್ರೀರಾಂಪುರದಲ್ಲೇ. ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ಒಂದೇ ಮಷಿನ್ನು, ಖಾರದ್ದು ಮಾರಿಬಿಟ್ಟಿದ್ದಾರೆ. ಬಾಗಿಲಲ್ಲಿ ನಿಂತು ಅಭ್ಯಾಸಬಲದಿಂದ ಕಣ್ಣಲ್ಲೇ ಅಳೆದೆ. ಹತ್ತಕ್ಕೆ ಹದಿಮೂರು. 130 ಚದರ ಅಡಿ. 14 ಚದರ ಮೀಟರ್‌ಗಿಂತ ಒಳಗೆ!

ಗೋಡೆ ಮೇಲೆ ಕ್ಯುಆರ್ ಕೋಡ್ ಇತ್ತು, ಅದರ ಮೇಲೆ ಅರ್ಧ ಹರಿದ ಕ್ಯಾಲೆಂಡರ್ ಹಾಳೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿದೆಯಲ್ಲ? ಬೇಕರಿ, ಕಾಂಡಿಮೆಂಟ್ಸ್‌ನವರೆಲ್ಲ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ದರು. ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ವಹಿವಾಟು. ಅಂಕಲ್‌ದು ಅದರ ಹತ್ತಿರಕ್ಕೂ ಹೋಗಲ್ಲ. ಆದ್ರೂ ಭಯಕ್ಕೆ ಮುಚ್ಚಿದ್ದಾರೆ. "ಮಿತಿ ಇದೆ ಅಂಕಲ್, ಹೆದರಬೇಡಿ" ಅಂದೆ. "ನೀನ್ ಹೇಳಿದ್ಮೇಲೆ ಸರಿ" ಅಂದ್ರು, ಕ್ಯಾಲೆಂಡರ್ ತೆಗೀಲಿಲ್ಲ.

ಆಮೇಲೆ ನಾನು ಟೇಪಿನ ವಿಷಯ ಎತ್ತಿದೆ. ಪೂರ್ತಿ ಹೇಳೋಕೆ ಬಿಡಲಿಲ್ಲ.

"ಗೊತ್ತು ಬಿಡೋ. ಅವತ್ತೇ ಗೊತ್ತಾಯ್ತು. ಯಾರ್ ಸುಮ್ನೆ ಅಂಗಡಿ ಅಳೀತಾರೆ? ನೀನಲ್ದಿದ್ರೆ ಇನ್ನೊಬ್ಬ ಅಳೀತಿದ್ದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟ್ ಜನ ಬಂದ್ರು ಅಂತ ಬರೆದೆ?" ಅಂತ ಕೇಳಿದ್ರು.

"41, ಅಂಕಲ್."

"ಡಬ್ಬ ಎಣಿಸ್ದಾ?"

ಇಲ್ಲ. ನಾನು ಡಬ್ಬ ಎಣಿಸಿರಲಿಲ್ಲ, ಜನ ಎಣಿಸಿದ್ದೆ. ಅವರು ಹೇಳ್ತಾ ಹೋದ್ರು. ಮನೆಗೆಲಸದ ಒಬ್ಬ ಹೆಂಗಸು ಮೂರು ಮನೆಯ ಡಬ್ಬ ತರ್ತಿದ್ದಳು. ಒಬ್ಬ ಆಟೋದವರು ಇಡೀ ಅಪಾರ್ಟ್‌ಮೆಂಟಿನ ಹತ್ತು ಮನೆಯ ಚೀಲ ತಂದು ಇಳಿಸ್ತಿದ್ದರು. ಒಂದು ಮೆಸ್‌ನ ಹುಡುಗ ಅರ್ಧ ಮೂಟೆ ಅಕ್ಕಿ ತರ್ತಿದ್ದ. ನನ್ನ ಶೀಟಲ್ಲಿ ಅವರೆಲ್ಲ ಒಬ್ಬೊಬ್ಬರು. ಲೆಕ್ಕ ಹಾಕಿದ್ರೆ ದಿನಕ್ಕೆ ನೂರಕ್ಕೂ ಹೆಚ್ಚು ಮನೆಗಳ ಹಿಟ್ಟು ಅಲ್ಲಿ ಆಗ್ತಿತ್ತು. ಆ ಕಾಲಂ ನನ್ನ ಎಕ್ಸೆಲ್‌ನಲ್ಲಿ ಇರಲೇ ಇಲ್ಲ.

ಇದ್ದಿದ್ರೆ ಏನಾಗ್ತಿತ್ತು? ಬಹುಶಃ ಏನೂ ಆಗ್ತಿರಲಿಲ್ಲ. 7 ರೂಪಾಯಿ 220 ರೂಪಾಯಿಯನ್ನ ಸೋಲಿಸೋಕಾಗಲ್ಲ. ಆದ್ರೆ "ಈ ಜಾಗದ ಈಗಿನ ಬಳಕೆ ತೀರಾ ಕಡಿಮೆ" ಅಂತ ನಾನು ಬರೆದ ಸಾಲು ಸುಳ್ಳಾಗಿತ್ತು. ನೂರು ಮನೆ ಉಪಯೋಗಿಸ್ತಿದ್ದ ಜಾಗವನ್ನ ನಾನು ಖಾಲಿ ಅಂತ ಬರೆದಿದ್ದೆ. ಅದನ್ನ ಸರಿ ಮಾಡೋಕೆ ನನ್ನ ಹತ್ತಿರ ಈಗ ಇರೋದು ಈ ಮೈಕ್ ಒಂದೇ.

ಹೊರಡುವಾಗ ಅಂಕಲ್ ಎರಡು ಕೆ.ಜಿ. ರಾಗಿ ಹಿಟ್ಟು ಕೊಟ್ರು. ದುಡ್ಡು ಕೊಡೋಕೆ ಹೋದೆ. ನಮ್ಮ ಅಜ್ಜಿದು ಇನ್ನೂ 36 ರೂಪಾಯಿ ಬಾಕಿ ಇದೆಯಂತೆ, ಅದರ ಜೊತೆ ಬರ್ಕೋತೀನಿ ಅಂದ್ರು. ಅಜ್ಜಿ ತೀರಿಕೊಂಡು ಒಂಬತ್ತು ವರ್ಷ ಆಯ್ತು. ನಾನು 36 ರೂಪಾಯಿ ತೆಗೆದು ಕೊಟ್ಟೆ. ಎಣಿಸಿ ತಗೊಂಡ್ರು, ಪುಸ್ತಕದಲ್ಲಿ ಗೆರೆ ಎಳೆದ್ರು. ಹಿಟ್ಟಿನ ದುಡ್ಡು ಮಾತ್ರ ಬೇಡ ಅಂದ್ರು. ಈಗ ನನ್ನ ಹೆಸರಲ್ಲಿ ಅಲ್ಲೊಂದು ಲೆಕ್ಕ ಇದೆ.

ಸರಿ, ಮುಗಿಸೋಕೆ ಮುಂಚೆ ಒಂದು ಕೆಲಸ. ನಿಮ್ಮ ಬೀದಿಯಲ್ಲಿ ನೀವು ಹುಟ್ಟೋಕೆ ಮುಂಚೆಯಿಂದ ಇರೋ ಒಂದು ಅಂಗಡಿಗೆ ಈ ವಾರ ಹೋಗಿ. ಮೂರೇ ಪ್ರಶ್ನೆ ಕೇಳಿ. ಯಾವ ವರ್ಷ ಶುರು ಮಾಡಿದ್ರಿ? ಜಾಗ ಸ್ವಂತದ್ದಾ, ಬಾಡಿಗೆಯದ್ದಾ? ಮೊದಲ ತಿಂಗಳ ಬಾಡಿಗೆ ಎಷ್ಟಿತ್ತು? ಹುಬ್ಬಳ್ಳಿ, ಮೈಸೂರು, ಮಂಗಳೂರು, ಕಲಬುರಗಿ, ಎಲ್ಲಿಯದಾದ್ರೂ ಸರಿ. ಅವರು ಒಪ್ಪಿದ್ರೆ ರೆಕಾರ್ಡ್ ಮಾಡಿ ವಾಯ್ಸ್ ನೋಟ್ ಕಳಿಸಿ. ಒಪ್ಪದಿದ್ರೆ ಒಂದು ಸೋಪೋ ಬಿಸ್ಕತ್ತೋ ಕೊಂಡು ಬನ್ನಿ.

ಮತ್ತೆ, ಜನ ಎಣಿಸೋಕೆ ಹೋಗಬೇಡಿ. ಡಬ್ಬ ಎಣಿಸಿ.